ಬೀಗದಲ್ಲಿ ಕೀ ಸಿಕ್ಕಿಕೊಂಡಿದೆಯೇ? ಎಳೆಯುವ ಮೊದಲು ಇದನ್ನು ಓದಿ

ಪ್ರಶ್ನೆ: ಹಳೆಯ ಬೀಗಗಳನ್ನು ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸ. ಒಂದು ಬೀಗದಲ್ಲಿ ಕೀ ಸಿಕ್ಕಿಕೊಂಡಿದೆ, ಎಷ್ಟು ಎಳೆದರೂ ಬರುತ್ತಿಲ್ಲ. ಬೀಗ ಹಾಳಾಗದ ಹಾಗೆ ತೆಗೆಯುವುದು ಹೇಗೆ?

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಕೈಯಲ್ಲಿ ಇಕ್ಕಳ ಇದ್ದರೆ ಪಕ್ಕಕ್ಕಿಡಿ. ಬಹಳಷ್ಟು ಸಲ ಕೀ ಬರದಿರುವುದು ಬಲ ಸಾಲದೆ ಅಲ್ಲ, ಅದು ನಿಂತಿರುವ ಜಾಗ ಸರಿಯಿಲ್ಲದೆ.

ಒಳಗೆ ಏನಾಗುತ್ತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಿನ್ ಇರುವ ಬೀಗದಲ್ಲಿ ಕೀ ಜೊತೆ ತಿರುಗುವ ಒಂದು ಉರುಳೆ ಇರುತ್ತದೆ, ಅದಕ್ಕೆ ಪ್ಲಗ್ ಅನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಐದಾರು ತೂತು. ಒಂದೊಂದು ತೂತಿನಲ್ಲೂ ಕೆಳಗೊಂದು ಪಿನ್, ಅದರ ಮೇಲೆ ಇನ್ನೊಂದು, ಅದನ್ನು ಒತ್ತಿ ಹಿಡಿಯಲು ಸ್ಪ್ರಿಂಗ್. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಬೀಗದಿಂದ ಬೆಳೆದು ಬಂದ ಏರ್ಪಾಡು ಇದು.

ಕೀ ಹೊರಗೆ ಬರಬೇಕಾದರೆ ಅದರ ಪ್ರತಿ ಹಲ್ಲೂ ಪಿನ್ನನ್ನು ಮೇಲಕ್ಕೆತ್ತಿ ದಾಟಬೇಕು. ಪಿನ್ ಮೇಲೇಳಲು ಜಾಗ ಬೇಕಲ್ವಾ? ಪ್ಲಗ್ಗಿನ ತೂತು, ಅದರ ಮೇಲೆ ಬೀಗದ ಮೈಯಲ್ಲಿರುವ ತೂತು ಎದುರುಬದುರಾಗಿ ನಿಂತಾಗ ಮಾತ್ರ ಆ ಜಾಗ ಸಿಗುತ್ತದೆ. ಪ್ಲಗ್ ಸ್ವಲ್ಪ ಓರೆಯಾಗಿದ್ದರೂ ಪಿನ್ನಿನ ತಲೆ ಬೀಗದ ಮೈಗೆ ತಾಗಿ ನಿಲ್ಲುತ್ತದೆ. ಆಗ ನೀವು ಎಳೆದಷ್ಟೂ ಹಲ್ಲು ಪಿನ್ನಿಗೆ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಹಾಗಾಗಿ ಕೀಯನ್ನು ಪೂರ್ತಿ ಒಳಕ್ಕೆ ತಳ್ಳಿ. ಹಾಕುವಾಗ ಹೇಗಿತ್ತೋ ಆ ನೆಟ್ಟಗಿನ ಜಾಗಕ್ಕೆ ತನ್ನಿ. ಒಂದು ಬೆರಳಿನಿಂದ ಪ್ಲಗ್ಗಿನ ಮುಖ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೀಯನ್ನು ಬಲು ಮೆಲ್ಲಗೆ ಆಚೀಚೆ ಆಡಿಸುತ್ತಾ ಎಳೆಯಿರಿ. ಸರಿಯಾದ ಜಾಗ ಸಿಕ್ಕಾಗ ಬೆರಳಿಗೇ ತಿಳಿಯುತ್ತದೆ, ಬಿಗಿ ಸಡಿಲವಾಗಿ ಪಿನ್ನುಗಳು ಒಂದೊಂದಾಗಿ ಟಿಕ್ ಟಿಕ್ ಅನ್ನುತ್ತಾ ಬಿಡುತ್ತವೆ.

ನಿಮ್ಮದು ಕೊಂಡಿ ಇರುವ ಬೀಗವಾದರೆ ಇನ್ನೊಂದು ಮಾತು. ಕೆಲವು ಬೀಗಗಳಲ್ಲಿ ಕೊಂಡಿ ತೆರೆದಿರುವವರೆಗೂ ಕೀ ಬರುವುದೇ ಇಲ್ಲ. ಕೆಟ್ಟಿದ್ದಲ್ಲ, ಬೀಗ ಹಾಕದೆ ಯಾರೂ ಹೋಗದಿರಲಿ ಅಂತ ಹಾಗೇ ಮಾಡಿರುತ್ತಾರೆ. ಕೊಂಡಿ ಒತ್ತಿ ಮುಚ್ಚಿ ನೋಡಿ.

ಇಷ್ಟಾದರೂ ಬರದಿದ್ದರೆ ಕೀ ಪಕ್ಕದ ಸಂದಿಗೆ ಚಿಟಿಕೆ ಗ್ರಾಫೈಟ್ ಪುಡಿ ಊದಿ. ಅಡುಗೆ ಎಣ್ಣೆ ಮಾತ್ರ ಬೇಡವೇ ಬೇಡ. ಮೊದಲು ಜಾರಿದ ಹಾಗೆ ಅನಿಸಿದರೂ ಆಮೇಲೆ ಅಂಟಾಗಿ ಧೂಳು ಹಿಡಿದುಕೊಳ್ಳುತ್ತದೆ.

ಕೀ ಮುರಿದು ತುಂಡು ಒಳಗೇ ಉಳಿದರೂ ಮೊದಲ ಹೆಜ್ಜೆ ಅದೇ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಪ್ಲಗ್ಗನ್ನು ನೆಟ್ಟಗೆ ಮಾಡಿ. ಆಮೇಲೆ ತೆಳ್ಳಗಿನ ಕುಸುರಿ ಗರಗಸದ ಬ್ಲೇಡನ್ನು ಕೀ ಹಲ್ಲುಗಳಿರುವ ಕಡೆಯಿಂದ ತೂರಿಸಿ. ಬ್ಲೇಡಿನ ಮೊನೆಗಳು ನಿಮ್ಮ ಕಡೆಗೆ ಬಾಗಿರಬೇಕು. ಸ್ವಲ್ಪ ತಿರುಚಿ ತುಂಡಿಗೆ ಕಚ್ಚಿಸಿ, ನೇರವಾಗಿ ಎಳೆಯಿರಿ. ಒಂದೇ ಸಲಕ್ಕೆ ಬರಬೇಕಿಲ್ಲ, ಒಂದು ಮಿಲಿಮೀಟರ್ ಸರಿದರೂ ಲಾಭವೇ. ಬ್ಲೇಡ್ ಪಟ್ಟನೆ ಮುರಿಯಬಹುದು, ಕಣ್ಣಿಗೆ ಕನ್ನಡಕ ಇರಲಿ. ಚಿಮಟ ಬೇಡ, ಅದು ತುಂಡನ್ನು ಇನ್ನೂ ಒಳಗೆ ತಳ್ಳಬಹುದು. ಕಡ್ಡಿಗೆ ಫೆವಿಕ್ವಿಕ್ ಹಚ್ಚಿ ಎಳೆಯುವ ಉಪಾಯ ಕೇಳಿರುತ್ತೀರಿ. ದಯವಿಟ್ಟು ಮಾಡಬೇಡಿ. ಒಂದು ಹನಿ ಪಿನ್ನಿಗೆ ತಾಗಿದರೆ ಆ ಬೀಗದ ಕಥೆ ಮುಗಿಯಿತು.

ಹವ್ಯಾಸಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಬೀಗ ಮೇಜಿನ ಮೇಲಿದೆ, ಬಿಚ್ಚಬಹುದಲ್ವಾ! ಸರಿಯಾದ ಕೀ ಇನ್ನೂ ಪೂರ್ತಿ ಒಳಗಿದ್ದು, ಸಿಲಿಂಡರ್ (ಪ್ಲಗ್ ಕೂತಿರುವ ಭಾಗ) ಹಿಂದೆ ಕ್ಲಿಪ್ ಇದ್ದರೆ ಕ್ಲಿಪ್ ತೆಗೆಯಿರಿ. ಪ್ಲಗ್ಗನ್ನು ಸ್ವಲ್ಪ ತಿರುಗಿಸಿ, ಪ್ಲಗ್ಗಿನಷ್ಟೇ ದಪ್ಪದ ಕೋಲನ್ನು ಹಿಂದಿನಿಂದ ತಳ್ಳುತ್ತಾ ಪ್ಲಗ್ಗನ್ನು ಮುಂದಕ್ಕೆ ಸರಿಸಿ. ಎರಡರ ನಡುವೆ ಸಂದಿ ಬಿಡಬೇಡಿ. ಬಿಟ್ಟರೆ ಸ್ಪ್ರಿಂಗ್ ಮೇಲಿನ ಪಿನ್ನನ್ನು ಚಿಮ್ಮಿಸುತ್ತದೆ, ಆಮೇಲೆ ನೆಲದಲ್ಲಿ ಹುಡುಕಬೇಕು. ಪ್ಲಗ್ ಕೈಗೆ ಬಂದ ಮೇಲೆ ಕೆಳಗಿನ ಪಿನ್ನುಗಳನ್ನು ಕ್ರಮವಾಗಿ ಸಾಲಾಗಿ ಇಡಿ. ಅವುಗಳ ಉದ್ದ ಬೇರೆಬೇರೆ. ಈಗ ಕೀ ಸಲೀಸಾಗಿ ಬರುತ್ತದೆ.

ಬಂದ ಕೀಯನ್ನು ಬೆಳಕಿಗೆ ಹಿಡಿದು ನೋಡಿ. ಬಾಗಿದೆಯೇ? ಹಲ್ಲಿನ ಅಂಚಿನಲ್ಲಿ ಉಗುರಿಗೆ ತಾಗುವ ಚೂಪು ಇದೆಯೇ? ಚೂಪಿದ್ದರೆ ಸಣ್ಣ ಅರದಿಂದ ಒಂದೆರಡು ಸಲ ಸವರಿದರೆ ಸಾಕು, ಜಾಸ್ತಿ ಬೇಡ. ಬಾಗಿದ ಕೀಯನ್ನು ತಟ್ಟಿ ನೇರ ಮಾಡಿ ಮತ್ತೆ ಬಳಸಬೇಡಿ, ಮುಂದಿನ ಸಲ ಅದು ಅಲ್ಲೇ ಮುರಿಯಬಹುದು. ಹೊಸ ಕೀ ಮಾಡಿಸುವಾಗ ಸವೆದದ್ದನ್ನಲ್ಲ, ಕಡಿಮೆ ಬಳಸಿದ ಕೀಯನ್ನು ಕೊಡಿ. ಆ ಬೀಗವನ್ನು ಬಾಗಿಲಿಗೆ ಹಾಕುವುದಾದರೆ, ಬಾಗಿಲು ತೆರೆದಿಟ್ಟುಕೊಂಡೇ ಹತ್ತು ಸಲ ಕೀ ಹಾಕಿ, ತಿರುಗಿಸಿ, ತೆಗೆದು ನೋಡಿ.