ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವ ಚಾಳಿ

ಮೊನ್ನೆ ಪ್ರಥಮ ಪಿಯುಸಿ ಕಿರುಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಎ (1, 2), ಬಿ (3, 6), ಸಿ (7, 4) ಸೇರಿ ಲಂಬಕೋನ ತ್ರಿಭುಜ ಆಗುತ್ತದೆ ಅಂತ ಇಳಿಜಾರು, ಅಂದರೆ ಗೆರೆ ಎಷ್ಟು ಓರೆ ಅನ್ನುವ ಅಳತೆ, ಬಳಸಿ ತೋರಿಸಬೇಕಿತ್ತು. ಎರಡು ಗೆರೆಗಳ ಇಳಿಜಾರು ಗುಣಿಸಿ −1 ಬಂದರೆ ಅವು ಒಂದಕ್ಕೊಂದು ಲಂಬ. ಒಬ್ಬ ಹುಡುಗ ಎಬಿಯ ಇಳಿಜಾರು 2 ಅಂತ ಬರೆದಿದ್ದ. ಸರಿ. ಬಿಸಿಯದ್ದು 1/2 ಅಂತ ಬರೆದಿದ್ದ. ತಪ್ಪು. ಮುಂದಿನ ಸಾಲಿನಲ್ಲಿ ಎರಡನ್ನೂ ಗುಣಿಸಿ, ಧೈರ್ಯವಾಗಿ −1 ಅಂತ ಹಾಕಿ, ‘ಆದ್ದರಿಂದ ಲಂಬ’ ಅಂತ ಅಡಿಗೆರೆ ಎಳೆದಿದ್ದ.

ಕರೆದು ಕೇಳಿದೆ, “ಈ ಮೈನಸ್ ಎಲ್ಲಿಂದ ಬಂತಪ್ಪಾ?”

“ಬರಬೇಕಿತ್ತಲ್ಲ ಸಾರ್, ಅದಕ್ಕೇ ಹಾಕಿದೆ.”

ನಗು ಬಂತು, ಬೈಯಲಿಲ್ಲ. ಇಷ್ಟು ವರ್ಷ ಪಾಠ ಮಾಡಿ ನೋಡಿದ್ದೇನೆ, ಸರಳರೇಖೆಯ ಅಧ್ಯಾಯದಲ್ಲಿ ಸೂತ್ರ ಗೊತ್ತಿಲ್ಲದ ಮಕ್ಕಳು ಕಡಿಮೆ. ವೈ (ಬಿಂದುವಿನ ಎರಡನೇ ಅಂಕಿ) ವ್ಯತ್ಯಾಸ ಮೇಲೆ, ಎಕ್ಸ್ (ಮೊದಲ ಅಂಕಿ) ವ್ಯತ್ಯಾಸ ಕೆಳಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಎಡವುವುದು ಕಳೆಯುವಾಗ. 6 ಮತ್ತು 4 ಕಂಡರೆ ಕೈ ತಾನಾಗೇ 6ರಲ್ಲಿ 4 ಕಳೆಯುತ್ತದೆ. 7 ಮತ್ತು 3 ಕಂಡರೆ 7ರಲ್ಲಿ 3. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದು ಅದೇ ಅಲ್ವಾ, ದೊಡ್ಡದರಲ್ಲಿ ಚಿಕ್ಕದು ಕಳೆ ಅಂತ. ಆಗ ಅದು ಸರಿಯಾದ ಮಾತೇ. ಆದರೆ ಇಲ್ಲೂ ಅದನ್ನೇ ಹಿಡಿದರೆ ಮೇಲೂ ಪ್ಲಸ್, ಕೆಳಗೂ ಪ್ಲಸ್. ಈ ಮಕ್ಕಳ ಲೋಕದಲ್ಲಿ ಇಳಿಯುವ ಗೆರೆಯೇ ಇಲ್ಲ!

ಹಾಗಾಗಿ ಒಂದೇ ಮಾತನ್ನು ಹತ್ತು ಸಲ ಹೇಳುತ್ತೇನೆ. ಇಲ್ಲಿ ನೀವು ಕಳೆಯುತ್ತಿರುವುದು ಬರೀ ಅಂಕಿಗಳನ್ನಲ್ಲ. ಒಂದು ಬಿಂದುವಿನಿಂದ ಹೊರಟು ಇನ್ನೊಂದು ಬಿಂದು ತಲುಪುತ್ತಿದ್ದೀರಿ. ಬಿಯಿಂದ ಹೊರಟಿರಿ, ಸಿ ತಲುಪಿದಿರಿ. ತಲುಪಿದ್ದು ಮೊದಲು, ಹೊರಟಿದ್ದು ಆಮೇಲೆ. ಮೇಲೆ 4 − 6, ಅಂದರೆ −2. ಕೆಳಗೆ 7 − 3, ಅಂದರೆ 4. ಉತ್ತರ −1/2. ಬೇಡ, ಸಿಯಿಂದಲೇ ಹೊರಡುತ್ತೀರಾ? ಹೊರಡಿ. ಮೇಲೆ 6 − 4, ಅಂದರೆ 2. ಕೆಳಗೆ 3 − 7, ಅಂದರೆ −4. ಮತ್ತೆ −1/2. ಎಲ್ಲಿಂದ ಬೇಕಾದರೂ ಹೊರಡಬಹುದು. ಮೇಲೆ ಸಿಯಿಂದ ಹೊರಟು ಕೆಳಗೆ ಬಿಯಿಂದ ಹೊರಡುವುದು ಮಾತ್ರ ಆಗದು. ನಮ್ಮ ಹುಡುಗ ಮಾಡಿದ್ದು ಅದನ್ನೇ.

ಕೆಲವು ಮೇಷ್ಟ್ರುಗಳು ಎಡಗಡೆಯ ಬಿಂದುವನ್ನೇ ಮೊದಲು ಇಟ್ಟುಕೋ ಅನ್ನುತ್ತಾರೆ. ತಪ್ಪೇನಲ್ಲ. ಆದರೆ (ಕೆ, 3) ಮತ್ತು (5, 1) ಸೇರಿಸುವ ಗೆರೆಯ ಇಳಿಜಾರು −1, ಕೆ ಎಷ್ಟು ಅಂತ ಕೇಳಿದರೆ? ಕೆ ಎಡಕ್ಕಿದೆಯೋ ಬಲಕ್ಕಿದೆಯೋ ಯಾರಿಗೆ ಗೊತ್ತು? ಹೊರಟ ಜಾಗ, ತಲುಪಿದ ಜಾಗ ಅಂತ ಇಟ್ಟುಕೊಂಡವರು ಸುಮ್ನೆ −2ನ್ನು 5 − ಕೆಯಿಂದ ಭಾಗಿಸಿ −1ಕ್ಕೆ ಸಮ ಮಾಡಿ 3 ಅಂತ ಬರೆದು ಮುಂದೆ ಹೋಗುತ್ತಾರೆ.

ನಮ್ಮ ಪದದ್ದೂ ಸ್ವಲ್ಪ ತಪ್ಪಿದೆ. ಇಳಿಜಾರು ಅಂದರೆ ಇಳಿಯುವುದು ತಾನೇ? ಏರುವ ಗೆರೆ ತೋರಿಸಿ ಇದರ ಇಳಿಜಾರು ಎಷ್ಟು ಅಂದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ. ಎಡದಿಂದ ಬಲಕ್ಕೆ ಏರಿದರೆ ಪ್ಲಸ್, ಇಳಿದರೆ ಮೈನಸ್, ಮಟ್ಟಸ ಇದ್ದರೆ ಸೊನ್ನೆ. ನೆಟ್ಟಗೆ ನಿಂತ ಗೆರೆಗೆ ಇಳಿಜಾರು ಹೇಳುವ ಹಾಗಿಲ್ಲ, ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ. ಅಷ್ಟೇ.

ಇದನ್ನು ಹೇಳಿದ ದಿನವೇ ಸಕಲೇಶಪುರದ ಕಡೆಯ ಒಬ್ಬಳು ಹುಡುಗಿ ಎದ್ದು ನಿಂತಳು. ಅವಳಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಗೊತ್ತಲ್ಲ, ಸುಮಾರು 55 ಕಿಲೋಮೀಟರ್, 57 ಸುರಂಗ. ಅಲ್ಲಿ ಹಳಿ 50ಕ್ಕೆ 1ರಂತೆ ಇಳಿಯುತ್ತದೆ. 50 ಮೀಟರ್ ಹೋದರೆ 1 ಮೀಟರ್, ಕಿಲೋಮೀಟರಿಗೆ 20 ಮೀಟರ್. ಕೇಳಲು ಏನೂ ಅಲ್ಲ ಅನಿಸುತ್ತದೆ, ರೈಲಿಗೆ ಅದು ಕಡಿದಾದ ಏರು.

“ಸಾರ್, ಬೆಂಗಳೂರಿಂದ ಬಂದ್ರೆ ಅದು ಇಳಿಜಾರು. ಮಂಗಳೂರಿಂದ ಬಂದ್ರೆ ಏರು. ಎಲ್ಲಿಂದ ಹೊರಟ್ರೂ ಉತ್ತರ ಒಂದೇ ಅಂತೀರಲ್ಲ, ಹೇಗೆ?”

ಒಳ್ಳೇ ಪ್ರಶ್ನೆ. ನಿಜ ಹೇಳಬೇಕೆಂದರೆ ಅವತ್ತು ಒಂದು ನಿಮಿಷ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿದ್ದೆ. ಆಮೇಲೆ ಹಳಿ ಪಕ್ಕದ ಕಿಲೋಮೀಟರ್ ಕಲ್ಲು ನೆನಪಾಯಿತು. ಕಲ್ಲಿನ ಸಂಖ್ಯೆ ಸಕಲೇಶಪುರದಿಂದ ಕೆಳಗೆ ಹೋದಂತೆ ಜಾಸ್ತಿ ಆಗುತ್ತದೆ ಅಂತ ಇಟ್ಟುಕೊಳ್ಳೋಣ. ಕೆಳಗೆ ಒಂದು ಕಿಲೋಮೀಟರ್ ಹೋದರೆ ಕಲ್ಲಿನ ಲೆಕ್ಕ +1000 ಮೀಟರ್, ಎತ್ತರ −20. ಭಾಗಿಸಿದರೆ −1/50. ಅದೇ ದಾರಿಯಲ್ಲಿ ಮೇಲೆ ಬಂದರೆ ಎತ್ತರ +20. ಆದರೆ ಕಲ್ಲಿನ ಸಂಖ್ಯೆ ಕಮ್ಮಿ ಆಗುತ್ತಾ ಬರುತ್ತದೆ, −1000. ಮತ್ತೆ −1/50. ಡ್ರೈವರ್ ಯಾವ ಕಡೆ ಹೊರಟರೂ ಹೋದ ದೂರವನ್ನು ಪ್ಲಸ್ ಅಂತಲೇ ಎಣಿಸುತ್ತಾನೆ, ಅದಕ್ಕೇ ಅವನಿಗೆ ಒಮ್ಮೆ ಏರು, ಒಮ್ಮೆ ಇಳಿಜಾರು. ಗ್ರಾಫ್ ಹಾಳೆಯಲ್ಲಿ ಡ್ರೈವರ್ ಇಲ್ಲ, ಕಲ್ಲುಗಳು ಮಾತ್ರ.

ಅವತ್ತಿನಿಂದ ಎರಡು ಬಿಂದುಗಳ ನಡುವೆ ಒಂದು ಬಾಣ ಎಳೆಸುತ್ತೇನೆ. ತುದಿಯ ಅಂಕಿ ಮೊದಲು, ಬುಡದ್ದು ಆಮೇಲೆ, ಮೇಲೂ ಕೆಳಗೂ ಅದೇ ಬಾಣ. ಎಲ್ಲರಿಗೂ ಇದು ಒಗ್ಗುತ್ತದೆ ಅಂತ ಹೇಳಲಾರೆ. ಕೆಲವರು ಬಾಣ ಚೆಂದಾಗಿ ಎಳೆದು, ಬಣ್ಣ ಹಚ್ಚಿ, ಆಮೇಲೆ ದೊಡ್ಡದರಲ್ಲಿ ಚಿಕ್ಕದನ್ನೇ ಕಳೆಯುತ್ತಾರೆ.

ಆ ಹುಡುಗನಿಗೂ ಬಾಣ ಎಳೆಸಿ, ಒಂದು ವಾರ ಬಿಟ್ಟು ಅದೇ ಲೆಕ್ಕ ಕೊಟ್ಟೆ. ಬಾಣ ಎಳೆದಿದ್ದ. ಮೇಲೆ −2, ಕೆಳಗೆ 4, ಎರಡೂ ಸರಿ. ಆಮೇಲೆ ಅವಸರದಲ್ಲಿ ತಲೆಕೆಳಗಾಗಿ ಭಾಗಿಸಿ −2 ಅಂತ ಬರೆದಿದ್ದ. ಗುಣಿಸಿದಾಗ −4 ಬಂದಿತ್ತು. ಈ ಸಲ ಅದನ್ನು −1 ಮಾಡಿರಲಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಸಣ್ಣಕ್ಕೆ ಬರೆದಿದ್ದ: ‘ಲಂಬ ಬರ್ತಿಲ್ಲ ಸಾರ್, ಎಲ್ಲೋ ತಪ್ಪಿದೀನಿ.’