ಒಂದು ಚಮಚ ಪೆಟ್ರೋಲ್

ತೀರ್ಥಹಳ್ಳಿಯ ನಮ್ಮ ಮನೆಯ ಅಂಗಳದಲ್ಲಿ ಮೂವರು ಗೆಳೆಯರು ಸೇರಿ ಹಳೆಯ ಕಾರೊಂದರ ಪೆಟ್ರೋಲ್ ಟ್ಯಾಂಕ್ ಇಳಿಸಿದ್ದೆವು. ತಳ ತುಕ್ಕು ಹಿಡಿದು ಹನಿ ಜಿನುಗುತ್ತಿತ್ತು. ಒಳಗಿದ್ದುದನ್ನೆಲ್ಲ ಕ್ಯಾನಿಗೆ ತೆಗೆದಾದ ಮೇಲೆ ಒಬ್ಬ ಟ್ಯಾಂಕನ್ನು ಅಲ್ಲಾಡಿಸಿ ನೋಡಿ, ‘ಖಾಲಿಯಾಯ್ತಲ್ಲ ಮಾರಾಯ, ಇನ್ನೇನು ಹೆದರಿಕೆ? ಆ ತೂತಿಗೆ ವೆಲ್ಡಿಂಗ್ ಹೊಡೆಸಿಬಿಡೋಣ’ ಅಂದ. ನನಗೆ ಎದೆ ಧಸಕ್ಕೆಂದಿತು. ತುಂಬಿದ ಟ್ಯಾಂಕಿಗಿಂತ ಈಗ ಅವನ ಕೈಯಲ್ಲಿದ್ದ ‘ಖಾಲಿ’ ಟ್ಯಾಂಕೇ ಹೆಚ್ಚು ಅಪಾಯದ್ದು.

ಉರಿಯುವುದು ದ್ರವರೂಪದ ಪೆಟ್ರೋಲ್ ಅಲ್ಲ, ಅದರಿಂದೇಳುವ ಆವಿ. ಆ ಆವಿಯೂ ಗಾಳಿಯ ಜೊತೆ ಒಂದು ಹದದಲ್ಲಿ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಆವಿಯ ಪಾಲು ಸುಮಾರು ಶೇ. 1.4ಕ್ಕಿಂತ ಕಡಿಮೆ ಇದ್ದರೆ ಉರಿಯಲು ಇಂಧನ ಸಾಲದು. ಶೇ. 7.6ನ್ನು ದಾಟಿದರೆ ಆಮ್ಲಜನಕ ಸಾಲದು. ಪೆಟ್ರೋಲ್ ತುಂಬಿರುವ ಟ್ಯಾಂಕಿನಲ್ಲಿ, ನಮ್ಮ ಹವೆಯಲ್ಲಿ, ದ್ರವದ ಮೇಲಿನ ಜಾಗದಲ್ಲಿ ಆವಿ ಈ ಮೇಲಿನ ಮಿತಿಯನ್ನು ಎಷ್ಟೋ ಮೀರಿ ಕಿಕ್ಕಿರಿದಿರುತ್ತದೆ. ಇಂದಿನ ಕಾರುಗಳಲ್ಲಿ ವಿದ್ಯುತ್ ಪಂಪನ್ನು ಟ್ಯಾಂಕಿನೊಳಗೇ, ಪೆಟ್ರೋಲಿನಲ್ಲೇ ಮುಳುಗಿಸಿಟ್ಟಿರುತ್ತಾರೆ. ಎಷ್ಟೋ ಪಂಪುಗಳ ಮೋಟಾರಿನ ಬ್ರಶ್‌ಗಳಲ್ಲಿ ಸಣ್ಣ ಕಿಡಿಗಳು ಏಳುತ್ತಲೇ ಇರುತ್ತವೆ. ಆದರೂ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಉರಿಯಲು ಬೇಕಾದಷ್ಟು ಗಾಳಿಯಿಲ್ಲ.

ಪೆಟ್ರೋಲ್ ಹೊರಗೆ ತೆಗೆಯುತ್ತಾ ಹೋದಂತೆ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಎಷ್ಟು ಉಳಿದರೆ ಅಪಾಯ? ಲೆಕ್ಕ ಹಾಕಿ ನೋಡಿ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಹೆಚ್ಚುಕಡಿಮೆ 900 ಮಿಲಿಲೀಟರ್ ಜಾಗ ಹಿಡಿಯುತ್ತದೆ. 40 ಲೀಟರಿನ ಟ್ಯಾಂಕಿನಲ್ಲಿ ಅದು ಶೇ. 2ಕ್ಕೂ ಹೆಚ್ಚು. ಒಂದೇ ಚಮಚಕ್ಕೆ ಟ್ಯಾಂಕು ಬಾಂಬಿನ ಹದಕ್ಕೆ ಬಂತು!

1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹೊರಟ, ಅಮೆರಿಕದ ಟಿಡಬ್ಲ್ಯುಎ ಕಂಪನಿಯ 800 ಸಂಖ್ಯೆಯ ವಿಮಾನ ಏರಿದ ಹನ್ನೆರಡೇ ನಿಮಿಷಕ್ಕೆ ಆಕಾಶದಲ್ಲಿ ಸಿಡಿಯಿತು. 230 ಜನ ಸತ್ತರು. ತನಿಖೆ ಬೆರಳು ತೋರಿಸಿದ್ದು ಆ ಬೋಯಿಂಗ್ 747ರ ಮಧ್ಯದ ಇಂಧನ ಟ್ಯಾಂಕಿನ ಕಡೆಗೆ. ಅದು ಹೆಚ್ಚುಕಡಿಮೆ ಬರಿದಾಗಿತ್ತು. ಅದರಡಿಯಲ್ಲಿದ್ದ ಹವಾನಿಯಂತ್ರಣ ಯಂತ್ರಗಳ ಶಾಖಕ್ಕೆ ಉಳಿದ ಇಂಧನ ಆವಿಯಾಗಿತ್ತು. ಆ ದುರಂತದ ಪಾಠದಿಂದಲೇ 2008ರಲ್ಲಿ ಅಮೆರಿಕ ಹೊಸ ನಿಯಮ ತಂದಿತು. ಈಗ ದೊಡ್ಡ ವಿಮಾನಗಳಲ್ಲಿ ಇಂಥ ಟ್ಯಾಂಕುಗಳ ಖಾಲಿ ಜಾಗಕ್ಕೆ, ಉರಿಯಲು ಆಮ್ಲಜನಕ ಸಾಲದಂತೆ, ನೈಟ್ರೋಜನ್ ಹೆಚ್ಚಿರುವ ಗಾಳಿ ತುಂಬಿಸುತ್ತಾರೆ.

ಮನೆಯಲ್ಲಿ ನೈಟ್ರೋಜನ್ ಎಲ್ಲಿಂದ ತರೋಣ? ಆವಿಯ ಸ್ವಭಾವ ತಿಳಿದುಕೊಂಡು ನಡೆಯುವುದೊಂದೇ ದಾರಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯ ಹಾಗೆ ಮೇಲೇರದೆ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಗ್ಯಾರೇಜಿನ ಗುಂಡಿಯಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಣ್ಣಿಗೆ ಕಾಣದೆ ಮಡುಗಟ್ಟಿ ನಿಲ್ಲುತ್ತದೆ. ಹೊಸಿಲು ದಾಟಿ ಒಲೆಯವರೆಗೆ, ದೇವರ ಕೋಣೆಯ ದೀಪದವರೆಗೆ ಹೋಗಬಲ್ಲದು. ಅಲ್ಲಿ ಹೊತ್ತಿದ ಬೆಂಕಿ ಬಂದ ದಾರಿಯಲ್ಲೇ ಟ್ಯಾಂಕಿನವರೆಗೆ ಓಡಿ ಬರುತ್ತದೆ. ಆದ್ದರಿಂದಲೇ ನಾವು ಮನೆಯ ಬಾಗಿಲಿನಿಂದ ದೂರ, ಗಾಳಿಯಾಡುವ ಅಂಗಳದ ಆಚೆ ತುದಿಯಲ್ಲಿ, ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಕೆಲಸಕ್ಕೆ ಇಳಿದದ್ದು.

ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಕ್ಕೂ ಕಾರಣವಿದೆ. ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಒತ್ತಡದಿಂದ ಇಂಜಿನ್ನಿಗೆ ಚಿಮ್ಮಿಸುವ ವ್ಯವಸ್ಥೆ, ಇರುವ ಕಾರಿನಲ್ಲಿ ಇಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಹಾಗೇ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಹಿಂದಿನ ದಿನವೇ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿದ್ದೆವು. ಬ್ಯಾಟರಿಯ ಮೈನಸ್ ತಂತಿ ಬಿಚ್ಚುವಾಗ ಚಿಕ್ಕ ಕಿಡಿ ಹಾರುವುದುಂಟು. ಅದನ್ನೂ ಪೆಟ್ರೋಲಿನ ವಾಸನೆ ಹೊರಬರುವ ಮೊದಲೇ ಮುಗಿಸಿದೆವು.

ಕಿಡಿ ಎಂದರೆ ನಮಗೆ ಕಾಣುವ ಕಿಡಿಯಷ್ಟೇ ಅಲ್ಲ. ಪೆಟ್ರೋಲಿನ ಆವಿ ಹೊತ್ತಲು ಒಂದು ಮಿಲಿಜೂಲ್‌ನ ಕಾಲು ಭಾಗದಷ್ಟು ಶಕ್ತಿ ಸಾಕು. ಪಾಲಿಯೆಸ್ಟರ್ ಅಂಗಿ ತೊಟ್ಟು ಸೀಟಿನ ಮೇಲೆ ಜಾರಿ ಇಳಿದವನ ಮೈಯಲ್ಲಿ ಕೂಡುವ ಸ್ಥಿರವಿದ್ಯುತ್ತಿಗೆ ಅಷ್ಟು ಶಕ್ತಿ ಇರಬಲ್ಲದು. ಬೆರಳಿಗೆ ಚುರುಕ್ ಎನ್ನುವ ಮೊದಲೇ ಅದು ತನ್ನ ಕೆಲಸ ಮುಗಿಸಿರಬಹುದು. ಹತ್ತಿಯ ಬಟ್ಟೆ ಹಾಕಿಕೊಳ್ಳಿ, ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ, ಟ್ಯಾಂಕ್ ಮುಟ್ಟುವ ಮೊದಲು ಕಾರಿನ ಬರಿ ಲೋಹ ಮುಟ್ಟಿ ಎನ್ನುವುದು ಇದಕ್ಕೇ. ಪೈಪನ್ನು ಬಾಯಲ್ಲಿ ಎಳೆದು ಪೆಟ್ರೋಲ್ ತೆಗೆಯುವ ಹಳೆಯ ಚಾಳಿಯನ್ನಂತೂ ದಯವಿಟ್ಟು ಬಿಡಿ. ನಾಲ್ಕು ಹನಿ ಶ್ವಾಸಕೋಶಕ್ಕೆ ಇಳಿದರೂ ಜೀವಕ್ಕೇ ಕುತ್ತು. ಕೈಪಂಪಿನ ಬೆಲೆ ಅದರ ಮುಂದೆ ಏನೂ ಅಲ್ಲ.

ಗೆಳೆಯರು ಬೇಕಾಗುವುದು ಭಾರ ಹೊರುವುದಕ್ಕಿಂತ ಹೆಚ್ಚಾಗಿ ಸಮತೋಲ ಕಾಯುವುದಕ್ಕೆ. ಹತ್ತು ಲೀಟರ್ ಉಳಿದಿದ್ದರೆ ಅದು ಏಳೂವರೆ ಕಿಲೋ. ಟ್ಯಾಂಕನ್ನು ಕಾರಿಗೆ ಬಿಗಿದಿರುವ ಒಂದು ಪಟ್ಟಿಯ ನಟ್ ಸಡಿಲವಾಗಿ ಅದು ಚೂರು ವಾಲಿದೊಡನೆ ಅಷ್ಟೂ ಆ ಮೂಲೆಗೆ ಓಡುತ್ತದೆ, ಇನ್ನಷ್ಟು ವಾಲಿಸುತ್ತದೆ. ನಾವು ಕಾರನ್ನು ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಟ್ಯಾಂಕಿನ ಅಡಿಗೆ ಹಲಗೆಯಿಟ್ಟು ಇನ್ನೊಂದು ಜಾಕಿನಿಂದ ಎತ್ತಿ ಹಿಡಿದಿದ್ದೆವು. ಒಬ್ಬ ಪಟ್ಟಿ ಬಿಚ್ಚಿದ, ಒಬ್ಬ ಟ್ಯಾಂಕಿನ ಅಂಚು ಹಿಡಿದ. ಮೂರನೆಯವನು ಬೇರೇನೂ ಮಾಡದೆ ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಹಿಡಿದು ನಿಂತಿದ್ದ. ನೀರಿನ ಬಕೆಟ್ ಇಲ್ಲಿ ಉಪಯೋಗಕ್ಕಿಲ್ಲ. ಪೆಟ್ರೋಲ್ ನೀರಿನ ಮೇಲೆ ತೇಲುತ್ತಲೇ ಉರಿಯುತ್ತದೆ, ನೀರು ಹರಿದಲ್ಲೆಲ್ಲ ಬೆಂಕಿಯೂ ಹರಿಯುತ್ತದೆ.

ತಳದ ಕೊನೆಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎರಡು ಪದರ. ಮೇಲೆ ತಿಳಿ ಹೊಂಬಣ್ಣ, ಕೆಳಗೆ ತುಕ್ಕು ಬೆರೆತ ಕಲಕು ನೀರು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಎಂಬ ಮದ್ಯಸಾರವೂ ಇರುತ್ತದೆ. ಅದನ್ನು ಶೇ. 20ರಷ್ಟು ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲಿಗೆ ನೀರಿನ ಸೆಳೆತ. ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಅದು ಮೀರಿದರೆ ನೀರಿನ ಜೊತೆ ತಾನೂ ತಳ ಸೇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಕಬ್ಬಿಣದ ಟ್ಯಾಂಕಿಗೆ ತಳದ ಆ ಪದರದಿಂದಲೇ ಉಪದ್ರ.

ವೆಲ್ಡಿಂಗ್ ಮಾತು ಅಲ್ಲಿಗೇ ನಿಂತಿತು. ಎಷ್ಟು ತೊಳೆದರೂ ತುಕ್ಕಿನ ಸಂದಿಯಲ್ಲಿ ಪೆಟ್ರೋಲ್ ಅಡಗಿರುತ್ತದೆ, ಕಾಯಿಸಿದರೆ ಮತ್ತೆ ಆವಿಯಾಗುತ್ತದೆ. ಹೊಸ ಟ್ಯಾಂಕ್ ತಂದು ಕೂರಿಸಿದೆವು. ಹಳೆಯದು ಗುಜರಿಗೆ ಹೋಗಬೇಕಿತ್ತು. ಅಲ್ಲಿ ಗ್ಯಾಸ್ ಕಟರ್ ಹಿಡಿಯುವ ಹುಡುಗನಿಗೆ ಇದರ ಹೊಟ್ಟೆಯಲ್ಲೇನಿತ್ತು ಎಂದು ಹೇಗೆ ಗೊತ್ತಾಗಬೇಕು? ಬಿಳಿ ಬಣ್ಣ ತಂದು ಟ್ಯಾಂಕಿನ ಎರಡೂ ಬದಿಗೆ ದಪ್ಪ ಅಕ್ಷರದಲ್ಲಿ ಬರೆದೆವು: ‘ಪೆಟ್ರೋಲ್ ಟ್ಯಾಂಕ್. ಬೆಂಕಿ ತಾಗಿಸಬೇಡಿ.’