ಸಿವಿಪಿ ಎಂಟಕ್ಕೆ ಬಂತಾ?

ಹದಿನೈದು ವರ್ಷಗಳ ಹಿಂದೆ ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ಬೆಳಗಿನ ರೌಂಡ್ಸ್ ಹೊತ್ತಿಗೆ ತಪ್ಪದೆ ಕೇಳಿಬರುತ್ತಿದ್ದ ಪ್ರಶ್ನೆ ಇದು. ಬಂದಿಲ್ಲ ಅಂದರೆ ಇನ್ನೊಂದು ಬಾಟಲಿ ಸಲೈನ್. ಬಂದಿದ್ದರೆ ಡ್ರಿಪ್ ನಿಧಾನ ಮಾಡಿ, ಬಿಪಿ ಏರಿಸುವ ಔಷಧ ಶುರು. ಇಂದು ಅದೇ ಪ್ರಶ್ನೆ ಕೇಳಿದರೆ ಕಿರಿಯ ವೈದ್ಯರು ಹಿರಿಯರ ಮುಖವನ್ನೇ ಒಂದು ಸಲ ನೋಡುತ್ತಾರೆ.

ಸೆಂಟ್ರಲ್ ವೀನಸ್ ಪ್ರೆಶರ್, ಎಲ್ಲರ ಬಾಯಲ್ಲೂ ಸಿವಿಪಿ. ಮೈಯೆಲ್ಲ ಸುತ್ತಿ ಬಂದ ರಕ್ತ ಹೃದಯದ ಬಲ ಮೇಲ್ಕೋಣೆಗೆ ಇಳಿಯುವ ಜಾಗದಲ್ಲಿರುವ ಒತ್ತಡ. ಆರೋಗ್ಯವಂತರು ಮಲಗಿದ್ದಾಗ ಅದು ಪಾದರಸದ ಲೆಕ್ಕದಲ್ಲಿ ಸುಮಾರು 2ರಿಂದ 6 ಮಿ.ಮೀ. ಅಷ್ಟೆ. ಬಿಪಿಯ 120ರ ಪಕ್ಕದಲ್ಲಿಟ್ಟರೆ ಪುಟಾಣಿ ಅಂಕಿ. ಮುಂದಿನ ಗೊಂದಲದ ಅರ್ಧ ಬೇರು ಈ ಪುಟಾಣಿತನದಲ್ಲೇ ಇದೆ.

ಈ ಒತ್ತಡವನ್ನು ಅಳೆಯುವ ಆಸೆ ಹಳೆಯದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕುದುರೆಯ ರಕ್ತನಾಳಗಳಿಗೆ ಕೊಳವೆ ಕಟ್ಟಿ ರಕ್ತ ಎಷ್ಟೆತ್ತರ ಏರುತ್ತದೆಂದು ನೋಡಿದ್ದನ್ನು ಬರೆದಿದ್ದಾನೆ. ಮನುಷ್ಯರ ಮಟ್ಟಿಗೆ ಬಹುಕಾಲ ಕಣ್ಣೇ ಉಪಕರಣ: ರೋಗಿಯನ್ನು ಒರಗಿಸಿ ಕೂರಿಸಿ, ಕುತ್ತಿಗೆಯ ರಕ್ತನಾಳ ಎಲ್ಲಿಯವರೆಗೆ ಉಬ್ಬಿದೆ ಎಂದು ನೋಡುವುದು. ಬರ್ನ್‌ಲಿ ಊರಿನ ಸಾಮಾನ್ಯ ವೈದ್ಯ ಜೇಮ್ಸ್ ಮೆಕೆಂಜಿ ಆ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಸಿ, ಅಲೆಗಳಿಗೆ ಎ, ಸಿ, ವಿ ಎಂದು ಹೆಸರಿಟ್ಟ. ಆ ಅಕ್ಷರಗಳನ್ನು ಇವತ್ತಿನ ಎಂಬಿಬಿಎಸ್ ವಿದ್ಯಾರ್ಥಿಗಳೂ ಉರುಹೊಡೆಯುತ್ತಾರೆ. 1930ರಲ್ಲಿ ಥಾಮಸ್ ಲೂಯಿಸ್ ಎದೆಮೂಳೆಯ ಮೇಲ್ಭಾಗದಲ್ಲಿ ಕೈಗೆ ಸಿಗುವ ಉಬ್ಬಿನಿಂದ ಅಳತೆ ಶುರುಮಾಡುವ ಕ್ರಮವನ್ನು ರೂಢಿಗೆ ತಂದ. ಖರ್ಚಿಲ್ಲ, ಸೂಜಿಯಿಲ್ಲ, ಬೇಕಾದದ್ದು ತಾಳ್ಮೆಯೊಂದೇ. ಇಷ್ಟು ಒಳ್ಳೆಯ ಕ್ರಮ ನಮ್ಮ ವಾರ್ಡುಗಳಲ್ಲಿ ಪರೀಕ್ಷೆಗೆ ಮಾತ್ರ ಉಳಿದದ್ದು ಬೇಸರದ ಸಂಗತಿ.

ಹೃದಯದ ಒಳಗೇ ಕೊಳವೆ ಹೋಗಬಹುದೆಂದು ತೋರಿಸಿದ್ದು ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಚಿಕ್ಕ ಊರಿನ ಆಸ್ಪತ್ರೆಯಲ್ಲಿದ್ದ ಎಳೆಯ ವೈದ್ಯ ವರ್ನರ್ ಫೋರ್ಸ್‌ಮನ್. 1929. ಹಿಂದಿನ ಶತಮಾನದ ಫ್ರೆಂಚ್ ವಿಜ್ಞಾನಿಗಳು ಕುದುರೆಯ ಕುತ್ತಿಗೆಯ ನಾಳದಿಂದ ಹೃದಯಕ್ಕೆ ಕೊಳವೆ ಇಳಿಸುತ್ತಿದ್ದ ಚಿತ್ರ ಅವನ ತಲೆಯಲ್ಲಿ ಕೂತಿತ್ತು. ಮೇಲಿನವರು ಬೇಡವೆಂದಿದ್ದರು. ಸಾಮಗ್ರಿಯ ಬೀಗದ ಕೈ ಇದ್ದದ್ದು ನರ್ಸ್ ಗೆರ್ಡಾ ಡಿಟ್ಸನ್ ಬಳಿ. ಆಕೆಯ ಮೇಲೆಯೇ ಪ್ರಯೋಗ ಎಂದು ನಂಬಿಸಿ, ಮೇಜಿಗೆ ಕಟ್ಟಿ, ಅತ್ತ ತಿರುಗಿ ತನ್ನ ಎಡಗೈಯನ್ನೇ ಕೊಯ್ದುಕೊಂಡು ಮೂತ್ರನಾಳಕ್ಕೆ ಬಳಸುವ ಕೊಳವೆಯನ್ನು ತೂರಿಸಿದ. ಆಮೇಲೆ ಕಟ್ಟು ಬಿಚ್ಚಿ, ಆಕೆಯ ಜೊತೆ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದ. ಕನ್ನಡಿ ನೋಡುತ್ತ 65 ಸೆಂ.ಮೀ.ವರೆಗೆ ನೂಕಿದಾಗ ತುದಿ ಹೃದಯದ ಬಲಭಾಗ ಮುಟ್ಟಿತ್ತು. ಮೆಚ್ಚುಗೆಗಿಂತ ಬೈಗುಳವೇ ಹೆಚ್ಚು ಸಿಕ್ಕಿತು, ಕೊನೆಗೆ ಮೂತ್ರರೋಗ ತಜ್ಞನಾದ. ಅದೇ ದಾರಿಯನ್ನು ಮುಂದುವರಿಸಿದ ಅಮೆರಿಕದ ಕೂರ್ನಾಂಡ್ ಮತ್ತು ರಿಚರ್ಡ್ಸ್ ಜೊತೆ 1956ರಲ್ಲಿ ನೊಬೆಲ್ ಬಂತು.

1952ರಲ್ಲಿ ಫ್ರಾನ್ಸಿನ ಓಬಾನಿಯಾಕ್ ಕೊರಳೆಲುಬಿನ ಕೆಳಗಿನಿಂದ ದೊಡ್ಡ ನಾಳಕ್ಕೆ ಸೂಜಿ ಹಾಕುವುದನ್ನು ವಿವರಿಸಿದ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ಸೂಜಿಯೊಳಗೆ ತಂತಿ ತೂರಿಸಿ ಅದರ ಮೇಲೆ ಕೊಳವೆ ಜಾರಿಸುವ ಉಪಾಯ ಕೊಟ್ಟ. ದಾರಿ ಸಲೀಸಾಯಿತು. 1962ರಲ್ಲಿ ವಿಲ್ಸನ್ ಮತ್ತು ಸಂಗಡಿಗರು, ರೋಗಿಗೆ ಎಷ್ಟು ದ್ರವ ಬೇಕೆಂಬುದನ್ನು ಸಿವಿಪಿ ನೋಡಿ ನಿರ್ಧರಿಸಬಹುದು ಎಂದರು. ಆ ಮಾತು ಊರೆಲ್ಲ ಹಬ್ಬಿತು.

ಅಳೆಯುತ್ತಿದ್ದದ್ದು ಹೇಗೆ? ಡ್ರಿಪ್ ಸ್ಟ್ಯಾಂಡಿಗೆ ಸೆಂ.ಮೀ. ಸ್ಕೇಲು, ಅದಕ್ಕೆ ಅಂಟಿಸಿದ ಸಣ್ಣ ಕೊಳವೆ. ಥ್ರೀ ವೇ ಎಂಬ ಮೂರು ದಾರಿಯ ಪುಟ್ಟ ನಲ್ಲಿ ತಿರುಗಿಸಿ ಕೊಳವೆಗೆ ಸಲೈನ್ ತುಂಬಿಸಬೇಕು. ಇನ್ನೊಮ್ಮೆ ತಿರುಗಿಸಿದರೆ ನೀರು ರೋಗಿಯ ಕಡೆಗೆ ಇಳಿಯುತ್ತ ಬಂದು, ಉಸಿರಿನೊಂದಿಗೆ ಮೇಲೆ ಕೆಳಗೆ ಆಡುತ್ತ ಒಂದು ಕಡೆ ನಿಲ್ಲುತ್ತದೆ. ಉಸಿರು ಹೊರಬಿಟ್ಟ ಕೊನೆಯಲ್ಲಿ ಎಲ್ಲಿದೆಯೋ ಅದೇ ಸಿವಿಪಿ. ಸ್ಕೇಲಿನ ಸೊನ್ನೆ ಹೃದಯದ ಮಟ್ಟಕ್ಕೇ ಇರಬೇಕು, ಅಂದರೆ ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ, ಎದೆಯ ಪಕ್ಕದ ನಡುಗೆರೆಗೆ. ಈಗ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಟ್ರಾನ್ಸ್‌ಡ್ಯೂಸರ್ ಮತ್ತು ಮಾನಿಟರ್ ಬಂದಿವೆ, ನಿಯಮ ಬದಲಾಗಿಲ್ಲ. ಪಾದರಸದ ಒಂದು ಮಿ.ಮೀ. ಅಂದರೆ ನೀರಿನ 1.36 ಸೆಂ.ಮೀ. ಹಾಸಿಗೆ ಎತ್ತರಿಸಿದವರು ಟ್ರಾನ್ಸ್‌ಡ್ಯೂಸರ್ ಎತ್ತರಿಸುವುದನ್ನು ಮರೆತು, ಅದು ಐದೂವರೆ ಸೆಂ.ಮೀ. ಕೆಳಗುಳಿದರೆ 8 ಇದ್ದದ್ದು 12 ಎಂದು ತೋರಿಸುತ್ತದೆ. ಬಿಪಿಯಲ್ಲಿ 4ರ ವ್ಯತ್ಯಾಸ ಯಾರೂ ಲೆಕ್ಕಕ್ಕಿಡುವುದಿಲ್ಲ. ಇಲ್ಲಿ ಚಿಕಿತ್ಸೆಯೇ ತಿರುಗಿಬೀಳುತ್ತದೆ.

ಅಳತೆ ಸರಿಯಿದ್ದರೂ ಅರ್ಥ ಸರಿಯಿತ್ತೇ? ಮನೆಯ ಮೇಲಿನ ಟ್ಯಾಂಕಿನ ಹಾಗೆ, ಸಿವಿಪಿ ಕಡಿಮೆ ಎಂದರೆ ರಕ್ತ ಕಡಿಮೆ, ತುಂಬಿಸು ಎಂದು ಎಲ್ಲರೂ ಅಂದುಕೊಂಡರು. ಹಾಗಲ್ಲವೆಂದು ಅಮೆರಿಕದ ಶರೀರಶಾಸ್ತ್ರಜ್ಞ ಆರ್ಥರ್ ಗೈಟನ್ 1950ರ ದಶಕದಲ್ಲೇ ತೋರಿಸಿದ್ದ. ಎಷ್ಟು ರಕ್ತ ಹೃದಯಕ್ಕೆ ಮರಳುತ್ತಿದೆ, ಹೃದಯ ಅದನ್ನು ಎಷ್ಟರಮಟ್ಟಿಗೆ ಮುಂದೆ ತಳ್ಳುತ್ತಿದೆ, ಇವೆರಡರ ನಡುವಿನ ಹೊಂದಾಣಿಕೆ ಈ ಒತ್ತಡ. ಚೆನ್ನಾಗಿ ಓಡುವ ಹೃದಯ ಬಂದದ್ದನ್ನೆಲ್ಲ ತಳ್ಳಿ ಸಿವಿಪಿ ಇಳಿಸುತ್ತದೆ, ಸೋತ ಹೃದಯ ಏರಿಸುತ್ತದೆ. ವೆಂಟಿಲೇಟರ್ ಎದೆಯೊಳಗಿಂದ ಒತ್ತಿದರೂ, ಹೊಟ್ಟೆ ಉಬ್ಬಿದರೂ ಅದು ಏರುತ್ತದೆ. ಎರಡು ಸಂಗತಿಗಳ ಫಲವಾದ ಅಂಕಿಯಿಂದ ಒಂದನ್ನಷ್ಟೇ ಓದಲು ಹೊರಟದ್ದೇ ತಪ್ಪು.

ತಪ್ಪು ಬೇಗ ಬಯಲಾಗದಿರಲು ಕಾರಣ ಒಂದು ಯಶಸ್ಸು. 2001ರಲ್ಲಿ ಡೆಟ್ರಾಯಿಟ್‌ನ ಇಮ್ಯಾನ್ಯುಯೆಲ್ ರಿವರ್ಸ್ ತಂಡ, ಸೋಂಕಿಗೆ ದೇಹವೇ ಮಿತಿಮೀರಿ ಪ್ರತಿಕ್ರಿಯಿಸಿ ಅಂಗಗಳು ಸೋಲುವ ಸೆಪ್ಸಿಸ್‌ನ 263 ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಮೊದಲ ಆರು ಗಂಟೆ ಗುರಿಗಳನ್ನಿಟ್ಟುಕೊಂಡು ಚಿಕಿತ್ಸೆ ಕೊಟ್ಟವರಲ್ಲಿ ಆಸ್ಪತ್ರೆಯಲ್ಲಿನ ಸಾವು ಶೇ. 46.5ರಿಂದ 30.5ಕ್ಕೆ ಇಳಿದಿತ್ತು. ಆ ಗುರಿಗಳಲ್ಲಿ ಒಂದು ಸಿವಿಪಿ 8ರಿಂದ 12. ಜಾಗತಿಕ ಸೆಪ್ಸಿಸ್ ಮಾರ್ಗಸೂಚಿಗೆ 2004ರಲ್ಲಿ ಆ ಅಂಕಿ ಸೇರಿತು. ಶೀರ್ಷಿಕೆಯ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

2008ರಲ್ಲಿ ಪಾಲ್ ಮಾರಿಕ್ ಮತ್ತು ಜೊತೆಗಾರರು 24 ಅಧ್ಯಯನಗಳ 803 ರೋಗಿಗಳ ಲೆಕ್ಕ ಒಟ್ಟುಹಾಕಿದರು. ದ್ರವ ಕೊಟ್ಟರೆ ಯಾರಿಗೆ ಉಪಯೋಗ ಎಂದು ಹೇಳುವ ಸಾಮರ್ಥ್ಯದಲ್ಲಿ ಸಿವಿಪಿಗೆ ಸಿಕ್ಕ ಅಂಕ 0.56. ನಾಣ್ಯ ಚಿಮ್ಮಿದರೆ 0.5. ರಕ್ತನಷ್ಟವನ್ನು ಸಿವಿಪಿ ಸರಿಯಾಗಿ ಹಿಂಬಾಲಿಸಿದ ಒಂದೇ ಒಂದು ಅಧ್ಯಯನ ಅವರಿಗೆ ಸಿಕ್ಕಿತು. ಅದು ನಿಂತಲ್ಲೇ ಎಚ್ಚರವಿದ್ದ ಏಳು ಹೆಣ್ಣು ಕುದುರೆಗಳದ್ದು! ಲೇಖಕರು ಕುದುರೆಗಳನ್ನು ಶೀರ್ಷಿಕೆಗೇ ಏರಿಸಿ ಕುಚೋದ್ಯ ಮಾಡಿದರು. ಮುಂದೆ 2014–15ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ಗಳಿಂದ ಬಂದ ಮೂರು ದೊಡ್ಡ ಪ್ರಯೋಗಗಳಲ್ಲಿ ರಿವರ್ಸ್ ಕ್ರಮಕ್ಕೂ ಆಗಿನ ರೂಢಿಯ ಚಿಕಿತ್ಸೆಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರ ಮಾರ್ಗಸೂಚಿ ಸಿವಿಪಿ ಗುರಿಯನ್ನು ಕೈಬಿಟ್ಟಿತು.

ಹಾಗಾದರೆ ಬಿಸಾಡುವುದೇ? ನನಗೆ ಹಾಗನಿಸುವುದಿಲ್ಲ. ದ್ರವ ಕೊಡಬೇಕೇ ಎಂಬುದಕ್ಕೆ ಈಗ ಬೇರೆ ಪರೀಕ್ಷೆಗಳಿವೆ. ಮಲಗಿದವರ ಕಾಲನ್ನು 45 ಡಿಗ್ರಿ ಎತ್ತಿ ಹೃದಯ ಹೆಚ್ಚು ರಕ್ತ ತಳ್ಳುತ್ತದೆಯೇ ಎಂದು ನೋಡುವುದು ಅದರಲ್ಲೊಂದು. ಆದರೆ ಕೊಟ್ಟದ್ದು ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಸಿವಿಪಿ ಈಗಲೂ ಬೇಕು. ಮೂತ್ರಪಿಂಡದ ಮಟ್ಟಿಗೆ ಸಿವಿಪಿ ಅಂದರೆ ರಕ್ತ ಹೊರಹೋಗುವ ಬಾಗಿಲಿನ ಎದುರೊತ್ತಡ. ಸರಾಸರಿ ಬಿಪಿ 65, ಸಿವಿಪಿ 5 ಇದ್ದರೆ ರಕ್ತ ಹರಿಸಲು ಉಳಿಯುವುದು 60. ಅದೇ 65ಕ್ಕೆ ಸಿವಿಪಿ 20 ಆದರೆ 45. ಮೂತ್ರ ಕಡಿಮೆಯಾಯಿತೆಂದು ಇನ್ನಷ್ಟು ಸಲೈನ್ ಏರಿಸಿದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ಒಂದು ಅಂಕಿಗಿಂತ ಏರಿಳಿತ ಮುಖ್ಯ: ದ್ರವ ಕೊಟ್ಟ ಮೇಲೆ ಸಿವಿಪಿ ಸರ್ರನೆ ಏರಿ ಬಿಪಿ ಅಲ್ಲೇ ನಿಂತಿದ್ದರೆ, ಡ್ರಿಪ್ ನಿಲ್ಲಿಸಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಮಾಡಿಸುವ ಹೊತ್ತು ಅದು.